ಸಮಾಜಶಾಸ್ತ್ರ, ಇತಿಹಾಸದಂಥ ಸಂಶೋಧನೆಗೆ ಖಾಸಗಿ ಕಂಪನಿಗಳಿಂದ ಹಣ ಬರುತ್ತದೆಯೇ?

ಬರುತ್ತದೆ, ಆದರೆ ಪೇಟೆಂಟ್ ರಾಯಧನವಾಗಿ ಅಲ್ಲ, ಮಾಡಿಕೊಟ್ಟ ಕೆಲಸದ ಶುಲ್ಕವಾಗಿ. ಸಾಹಿತ್ಯ ಕೃತಿಗಳಿಗಾಗಲಿ, ವ್ಯವಹಾರ ವಿಧಾನಗಳಿಗಾಗಲಿ 1970ರ ಪೇಟೆಂಟ್ ಕಾಯ್ದೆಯಲ್ಲಿ ಜಾಗವಿಲ್ಲ.

ದೊಡ್ಡ ದಾರಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆ ಕಾನೂನಿನಂತೆ ಖರ್ಚು ಮಾಡಬೇಕಾದ ಹಣ. ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆಯುಳ್ಳ ಕಂಪನಿ, ಮುಗಿದು ವರ್ಷ ಕಳೆದ 1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಲೇಬೇಕು. ನರಸಾಪುರದ ಕಾರ್ಖಾನೆಯೊಂದು ಕೋಲಾರದ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಹಾಕಿಸಿತೆನ್ನಿ. ಫ್ಲೋರೈಡ್ ನೀರು ಕುಡಿಯುವುದನ್ನು ಬಿಟ್ಟವರು ಯಾರು, ಘಟಕಕ್ಕೆ ಕ್ಯಾನ್ ಹಿಡಿದು ಬಾರದವರು ಯಾರು, ಏಕೆ ಎಂದು ಮನೆಮನೆ ಕೇಳಿ ಬರೆಯುವುದು ಸಮಾಜಶಾಸ್ತ್ರ ವಿಭಾಗದ ಕಸುಬೇ.

ವಿಭಾಗಗಳು ಎಡವುವುದು ಕಂಪನಿಗೆ ಕೊಡುವ ದರಪಟ್ಟಿಯಲ್ಲಿ: ಪ್ರಯಾಣ, ಸಮೀಕ್ಷಕರ ದಿನಗೂಲಿ, 18% ಜಿಎಸ್‌ಟಿ ಬಿಟ್ಟುಹೋಗುತ್ತವೆ. ದತ್ತಾಂಶ ಪ್ರಕಟಿಸುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ವರದಿ ಕೊಟ್ಟ ಮೇಲೆ ಕೇಳಿದರೆ ಸಿಗುವುದು ಕಷ್ಟ.