ಇಟಲಿಯ ಕರಾವಳಿಯಲ್ಲಿ ಒಂದು ವಾರ: ಊಟ, ಇತಿಹಾಸ ಎರಡೂ ಬೇಕೆನ್ನುವ ಸಸ್ಯಾಹಾರಿಗಳು ಎಲ್ಲಿಗೆ ಹೋಗಬೇಕು?

ಒಂದೇ ವಾರವಿದ್ದರೆ ದಕ್ಷಿಣದ ಹೆಸರಾಂತ ಅಮಾಲ್ಫಿ ಕರಾವಳಿಯ ಆಸೆ ಬಿಟ್ಟು ವಾಯವ್ಯದ ಲಿಗೂರಿಯಾಕ್ಕೆ ಹೋಗಿ. ಅಲ್ಲಿನ ಮುಖ್ಯ ನಗರ ಜಿನೋವಾದಲ್ಲಿ ಉಳಿದುಕೊಳ್ಳಿ, ಕರಾವಳಿಯುದ್ದಕ್ಕೂ ರೈಲು ಇರುವುದರಿಂದ ಕಾರಿನ ಗೊಡವೆ ಬೇಡ.

ಅಲ್ಲಿ ಮೊದಲು ತಿನ್ನಬೇಕಾದದ್ದು ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ನೀರಾಗಿ ಕಲಸಿದ ಹಿಟ್ಟನ್ನು ಅಗಲವಾದ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆದು. ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಯಿರುವಾಗಲೇ ತಿನ್ನಿ, ಆರಿದರೆ ಸಪ್ಪೆ. (ನಮ್ಮ ಕಡಲೆಹಿಟ್ಟಿನ ದೋಸೆಯ ದೂರದ ನೆಂಟ ಎನ್ನಬಹುದು.)

ಪಾಸ್ತಾಕ್ಕೆ ಬೆರೆಸುವ ಹಸಿರು ಚಟ್ನಿಯಂಥ ಪೆಸ್ತೊ ಕೂಡ ಈ ಊರಿನದೇ: ತುಳಸಿಯ ಬಳಗದ ಬೇಸಿಲ್, ಬೆಳ್ಳುಳ್ಳಿ, ಪೈನ್ ಬೀಜಗಳನ್ನು ಅಮೃತಶಿಲೆಯ ಒರಳಿನಲ್ಲಿ ಅರೆಯುವುದು ಹಳೆಯ ಕ್ರಮ. ಆದರೆ ಅದಕ್ಕೆ ಬೆರೆಸುವ ಪಾರ್ಮಿಜಾನೊ ಚೀಸ್ ತಯಾರಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಬಳಸುತ್ತಾರೆ. ಕಟ್ಟುನಿಟ್ಟಿನವರು ‘ಸೆನ್ಸಾ ಫೊರ್ಮಾಜೊ’, ಅಂದರೆ ಚೀಸ್ ಬೇಡ, ಎಂದು ಮೊದಲೇ ಹೇಳಿಬಿಡಿ.

ಜಿನೋವಾದ ಹಳೆಯ ಸಿರಿವಂತ ಮನೆತನಗಳು ಕಟ್ಟಿಸಿದ, 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ರೊಲ್ಲಿ ಅರಮನೆಗಳಿಗೆ ಒಂದು ಪೂರ್ತಿ ದಿನ ಇಡಿ. ಇದೇ ಕರಾವಳಿಯ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳು ಜುಲೈ, ಆಗಸ್ಟ್‌ನಲ್ಲಿ ಜಾತ್ರೆಯಂತಿರುತ್ತವೆ. ಮೇ ಅಥವಾ ಸೆಪ್ಟೆಂಬರ್ ವಾಸಿ. ರಾತ್ರಿಯೂಟ ಏಳೂವರೆಗೆ ಮೊದಲು ಸಿಗುವುದು ಕಷ್ಟ, ಮಕ್ಕಳಿದ್ದರೆ ಚೀಲದಲ್ಲಿ ಒಂದು ತುಂಡು ಫೊಕಾಚಾ (ಆಲಿವ್ ಎಣ್ಣೆಯ ಚಪ್ಪಟೆ ಬ್ರೆಡ್) ಇರಲಿ.