ಹಳಕಟ್ಟಿಯವರು ವಚನ ಬರೆದರೇ?

ಹಾವೇರಿ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪತ್ರದ ಸಾರ ಇದು: ‘ಕಳೆದ ಸಂಚಿಕೆಯಲ್ಲಿ ಫ.ಗು. ಹಳಕಟ್ಟಿಯವರನ್ನು “ವಚನ ಪಿತಾಮಹ” ಎಂದಿರಿ, ಬಿ.ಎಂ.ಶ್ರೀ ಅವರನ್ನು ನವೋದಯ ಸಾಹಿತ್ಯದ “ಪ್ರವರ್ತಕ” ಎಂದಿರಿ, ಕೆಂಪೇಗೌಡರನ್ನು ಬೆಂಗಳೂರಿನ “ನಿರ್ಮಾತೃ” ಎಂದಿರಿ. ಎಲ್ಲರೂ ಏನನ್ನೋ ಶುರು ಮಾಡಿದವರೇ. ಎಲ್ಲರಿಗೂ “ಸ್ಥಾಪಕ” ಎಂಬ ಒಂದೇ ಪದ ಸಾಲದೇ? ನನ್ನ ತರಗತಿಯ ಹುಡುಗನೊಬ್ಬ, ಪಿತಾಮಹ ಅಂದಮೇಲೆ ಮೊದಲ ವಚನ ಹಳಕಟ್ಟಿಯವರದೇ ಎಂದು ಪರೀಕ್ಷೆಯಲ್ಲಿ ಬರೆದಿದ್ದಾನೆ.’

ಮೇಡಂ, ಆ ಹುಡುಗ ಪದವನ್ನು ನಂಬಿ ಬರೆದಿದ್ದಾನೆ. ಅವನಿಗೆ ಉತ್ತರ ಕೊಡಬೇಕಾದವರು ನಾವು, ದೊಡ್ಡವರು.

ಪಿತಾಮಹ ಎನ್ನುವುದು ಬಿರುದು. ಗೌರವದಿಂದ ಜನ ಕೊಟ್ಟದ್ದು. ಅದು ಮಾಡಿದ ಕೆಲಸ ಎಂಥದೆಂದು ಹೇಳುವುದಿಲ್ಲ. ವಚನಗಳು ಹುಟ್ಟಿದ್ದು 12ನೇ ಶತಮಾನದಲ್ಲಿ. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಮನೆಮನೆಗಳ, ಮಠಗಳ ತಾಡೋಲೆ ಕಟ್ಟುಗಳನ್ನು ಹುಡುಕಿ, ಓದಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು. ಅಚ್ಚಿನ ತೊಂದರೆ ತಪ್ಪಲೆಂದು ಹಿತಚಿಂತಕ ಮುದ್ರಣಾಲಯವನ್ನೇ ಆರಂಭಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಆ ಮುದ್ರಣಾಲಯಕ್ಕೆ, ಆ ಪತ್ರಿಕೆಗೆ ಅವರು ಸ್ಥಾಪಕರು, ಅನುಮಾನವೇ ಇಲ್ಲ. ವಚನಗಳಿಗೆ ಮಾತ್ರ ಅವರು ಶೋಧಕರು, ಸಂಪಾದಕರು, ಪ್ರಕಾಶಕರು. ಹುಳ ತಿಂದು ಹೋಗಬಹುದಾಗಿದ್ದ ಓಲೆಗಳನ್ನು ಉಳಿಸಿಕೊಟ್ಟವರು. ನನಗೆ ಇದು ಪಿತಾಮಹ ಎನ್ನುವುದಕ್ಕಿಂತ ದೊಡ್ಡ ಮಾತು. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರನ್ನು ‘ಶಾಸನ ಪಿತಾಮಹ’ ಎನ್ನುವಾಗಲೂ ನಾವು ನೆನೆಯುವುದು ಇಂಥದೇ ದುಡಿಮೆಯನ್ನು. ಬಿರುದನ್ನು ಬಿಡಬೇಕಿಲ್ಲ, ಆದರೆ ಅದರ ಪಕ್ಕದಲ್ಲೇ ಕೆಲಸವನ್ನೂ ಹೇಳಬೇಕು. ಪಾಠದಲ್ಲಂತೂ ಹೇಳಲೇಬೇಕು.

ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ಹಿರಿಯ ಕೆಂಪೇಗೌಡರು ಕೋಟೆ, ಪೇಟೆ ಕಟ್ಟಿಸಿದ್ದು 1537ರಲ್ಲಿ ಎಂದು ನಾವು ಓದಿದ್ದೇವೆ. ಆದರೆ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ, ಅದು 9ನೇ ಶತಮಾನದ ಕೊನೆಯ ಕಲ್ಲು. ಅಂದರೆ ಆ ಹೆಸರಿನ ಊರು ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆಯೇ ಇತ್ತು. ಸ್ಥಾಪಕ ಎಂದರೆ ಕಾಳಗದಲ್ಲಿ ಮಡಿದ ಆ ವೀರನ ಕಾಲದ ಊರು ಅಳಿಸಿಹೋಗುತ್ತದೆ. ನಿರ್ಮಾತೃ ಎಂದರೆ ಇಬ್ಬರಿಗೂ ನ್ಯಾಯ: ಊರು ಮೊದಲೇ ಇತ್ತು, ನಗರವನ್ನು ಕಟ್ಟಿದವರು ಕೆಂಪೇಗೌಡರು. ಅದಕ್ಕೇ ಆ ಪದವನ್ನು ಹಟದಿಂದ ಇಟ್ಟುಕೊಂಡಿದ್ದೇವೆ. ಸಂಸ್ಕೃತದ ಪದ ಭಾರವೆನಿಸಿದರೆ ‘ಬೆಂಗಳೂರು ಕಟ್ಟಿದ ಕೆಂಪೇಗೌಡರು’ ಎನ್ನಿ. ‘ಕೆರೆಯಂ ಕಟ್ಟಿಸು ಬಾವಿಯಂ ಸವೆಸು’ ಎಂದು ಮಗನಿಗೆ ಬುದ್ಧಿ ಹೇಳಿದ ತಾಯಿಯ ಮಾತು ವಿಜಯನಗರ ಕಾಲದ ಶಾಸನದಲ್ಲಿದೆ. ಕೆರೆ, ಊರು, ಸಂಘ, ಕಂಪನಿ ಎಲ್ಲಕ್ಕೂ ‘ಕಟ್ಟು’ ಒಗ್ಗುತ್ತದೆ. ನಮ್ಮ ವರದಿಗಾರರಿಗೆ ನಾನು ಮೊದಲು ಸೂಚಿಸುವ ಪದವೂ ಅದೇ.

ಬಿ.ಎಂ.ಶ್ರೀ ಅವರ ಸಂಗತಿ ಬೇರೆ. ನವೋದಯವನ್ನು ಯಾರೂ ಒಂದು ದಿನ ಸಭೆ ಸೇರಿ ಸ್ಥಾಪಿಸಲಿಲ್ಲ. ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕೆಂಬ ಹಳೆಯ ಕಟ್ಟಳೆಯನ್ನು, ಬಿಟ್ಟಿದ್ದರು, ಪಂಜೆ ಮಂಗೇಶರಾಯರು ಬರೆಯುತ್ತಿದ್ದರು. ಹರಿಯುತ್ತಿದ್ದುದಕ್ಕೆ ವೇಗ, ದಿಕ್ಕು ಕೊಟ್ಟವರನ್ನು ಪ್ರವರ್ತಕ ಎನ್ನುತ್ತೇವೆ. (ವಾಣಿಜ್ಯ ಪುಟದ ‘ಪ್ರವರ್ತಕರು’ ಬೇರೆ, ಅವರು ಕಂಪನಿಯಲ್ಲಿ ಹಣ ತೊಡಗಿಸಿ ಅದನ್ನು ಆರಂಭಿಸಿದವರು.) ಇಂಥ ಕಡೆ ಬಳಕೆಯಾಗುವ ಪದಗಳು ಇನ್ನೆರಡಿವೆ. ಹರಿಕಾರ ಎಂಬುದು ಮೂಲದಲ್ಲಿ ಓಲೆ ಒಯ್ಯುವ ದೂತ. ಹೊಸದು ಬರುತ್ತಿದೆಯೆಂದು ಮುಂಚೆಯೇ ಸಾರಿದವರಿಗೆ ಅದು ಚೆನ್ನ. ರೂವಾರಿಯೆಂದರೆ ಶಿಲ್ಪಿ, ಸೋಮನಾಥಪುರದ ಮಲ್ಲಿತಮ್ಮನಂಥವರ ಕುಲದ ಪದ. ಅಪರಾಧ ವರದಿಗಳಲ್ಲಿ ‘ಸಂಚಿನ ರೂವಾರಿ’ ಎಂದು ಓದುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಮ್ಮ ಪುಟಗಳಲ್ಲಿ ಆ ಬಳಕೆ ಇರುವುದಿಲ್ಲ.

ಸ್ಥಾಪಕ, ಸಂಸ್ಥಾಪಕ ಇವೆರಡರ ನಡುವೆ ಬಳಕೆಯಲ್ಲಿ ದೊಡ್ಡ ಅಂತರವಿಲ್ಲ. ಗಮನಿಸಬೇಕಾದದ್ದು, ಒಬ್ಬರಿಗೇ ಆ ಪದ ಸಲ್ಲುತ್ತದೆಯೇ ಎಂಬುದು. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಇನ್ನೂ ಹುಟ್ಟಿರಲಿಲ್ಲ. ಕಂಪನಿಯನ್ನು ನಾಡಿನಗಲಕ್ಕೆ ಬೆಳೆಸಿದ ಕೀರ್ತಿ ಅವರದು, ಆರಂಭಿಸಿದ ಕೀರ್ತಿ ಗುಬ್ಬಿಯ ಹಿಂದಿನ ಕಲಾಪ್ರೇಮಿಗಳದು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಗೆ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಮೂವರೂ ಸ್ಥಾಪಕರು. ಒಬ್ಬರ ಹೆಸರು ಹೇಳಿ ಇಬ್ಬರನ್ನು ಬಿಡುವುದು ಸುಲಭ, ನ್ಯಾಯವಲ್ಲ.

ಪತ್ರದ ಕೊನೆಯಲ್ಲಿ ‘ಹೆಂಗಸರಿಗೆ ಸ್ಥಾಪಕಿ ಅನ್ನಬಹುದೇ?’ ಎಂದು ಕೇಳಿದ್ದೀರಿ. ಧಾರಾಳವಾಗಿ. ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯ ಸ್ಥಾಪಕಿ, ಬೆಂಗಳೂರಿನ ಮಕ್ಕಳ ಕೂಟದ ಸ್ಥಾಪಕಿ. ಈ ಪತ್ರಿಕೆಯಲ್ಲಿ ಹಾಗೆಯೇ ಬರೆಯುತ್ತೇವೆ. ಇನ್ನು ನಿಮ್ಮ ಹುಡುಗನಿಗೆ ಅಂಕ ಕಳೆದಿದ್ದರೆ, ದಯವಿಟ್ಟು ಒಮ್ಮೆ ಕರೆದು ಹಳಕಟ್ಟಿಯವರ ಕಥೆಯನ್ನು ಪೂರ್ತಿ ಹೇಳಿ.

– ಸಂಪಾದಕ