ಡಿಪ್ರೆಶನ್ ಇದ್ರೆ ಆಂಬುಲೆನ್ಸ್ ಡ್ಯೂಟಿ ಬಿಡ್ಬೇಕಾ?

ಪ್ರಶ್ನೆ: 108 ಆಂಬುಲೆನ್ಸಲ್ಲಿ ಇಎಂಟಿ, ಅಂದ್ರೆ ಗಾಡೀಲೇ ರೋಗಿಗೆ ತುರ್ತು ಚಿಕಿತ್ಸೆ ಕೊಡೋ ಸಿಬ್ಬಂದಿ ಆಗಿದ್ದೀನಿ. ಹೋದ ಮಳೆಗಾಲದಲ್ಲಿ ಹೈವೇ ಆಕ್ಸಿಡೆಂಟ್ ಕೇಸಲ್ಲಿ ಒಂದು ಮಗು ನಮ್ಮ ಗಾಡೀಲೇ ಹೋಗ್ಬಿಡ್ತು, ಆಮೇಲಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಯಾರತ್ರನೂ ಮಾತು ಬೇಡ ಅನ್ಸುತ್ತೆ. ಡಾಕ್ಟ್ರು ಡಿಪ್ರೆಶನ್ ಅಂತ ಮಾತ್ರೆ ಬರ್ದಿದ್ದಾರೆ, ಇನ್ನೂ ಶುರು ಮಾಡಿಲ್ಲ. ಆಫೀಸಿಗೆ ಗೊತ್ತಾದ್ರೆ ಅನ್‌ಫಿಟ್ ಅಂತ ಮನೆಗೆ ಕಳಿಸ್ತಾರಾ?
- ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದ್ಲು ಮಾತ್ರೆ ಶುರು ಮಾಡಿ. ಕಾಯಿಲೆ ಹೆಸರು ನೋಡಿ ಫಿಟ್ಟು ಅನ್‌ಫಿಟ್ಟು ಅಂತ ಹೇಳೋಕಾಗಲ್ಲ, ಇವತ್ತಿನ ಶಿಫ್ಟಲ್ಲಿ ಕೈ ಹೇಗೆ ಓಡ್ತಿದೆ ಅನ್ನೋದನ್ನ ನೋಡ್ಬೇಕು. ಇಂಜೆಕ್ಷನ್ ಡೋಸ್ ಎರಡೆರಡು ಸಲ ನೋಡಿದ್ರೂ ತಲೇಲಿ ನಿಲ್ತಿಲ್ಲ, ಆಕ್ಸಿಜನ್ ಹಾಕಿದ್ದು ಮರ್ತೋಗ್ತಿದೆ, ಅಥವಾ ಸಾಯೋ ಯೋಚ್ನೆ ಬರ್ತಿದೆ ಅಂದ್ರೆ ಇವತ್ತೇ ಗಾಡಿ ಹತ್ಬೇಡಿ, ರಜೆ ಹಾಕಿ, ಮನೇಲಿ ಒಬ್ರಿಗಾದ್ರೂ ಹೇಳಿ. ಸಾಯೋ ಯೋಚ್ನೆ ಇದ್ರೆ ಈಗ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆನೂ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಅಷ್ಟೆಲ್ಲ ಇಲ್ಲ, ಬೇಜಾರು ಸುಸ್ತು ಇದ್ರೂ ಕೆಲ್ಸ ಸರಿಯಾಗೇ ಆಗ್ತಿದೆ ಅಂದ್ರೆ ಔಷಧಿ ತಗೊಳ್ತಾನೇ ಡ್ಯೂಟಿ ಮಾಡೋರು ಎಷ್ಟೋ ಜನ ಇದ್ದಾರೆ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ತರದ ಡಿಪ್ರೆಶನ್ ಮಾತ್ರೆ ಹಿಡಿಯೋಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಶುರುವಲ್ಲಿ ಹೊಟ್ಟೆ ತೊಳ್ಸೋದು, ಚಡಪಡಿಕೆ ಇರ್ಬಹುದು. ನಿದ್ದೆಗೆ ಅಂತ ಕ್ಲೊನಜೆಪಾಮ್ ಸೇರ್ಸಿದ್ರೆ ಮಂಪರು ಬರುತ್ತೆ, ಹಾಗಾಗಿ ನೈಟ್ ಶಿಫ್ಟ್ ಇದೆ ಅಂತ ಡಾಕ್ಟ್ರಿಗೆ ಬಾಯ್ಬಿಟ್ಟು ಹೇಳಿ, ಮೊದಲ ಎರಡು ವಾರ ಡೇ ಶಿಫ್ಟ್ ಕೇಳಿ.

ಗುಟ್ಟಿನ ವಿಷ್ಯಕ್ಕೆ ಬಂದ್ರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆ ವಿವರ ಗೌಪ್ಯ, ಯಾರದ್ದಾದ್ರೂ ಜೀವಕ್ಕೆ ಅಪಾಯ ಅನ್ನೋ ತರದ ಕೆಲವು ಸಂದರ್ಭ ಬಿಟ್ರೆ ಡಾಕ್ಟ್ರು ಆಫೀಸಿಗೆ ಹೇಳೋ ಹಾಗಿಲ್ಲ. ಆದ್ರೂ ಜೊತೆಗಿರೋ ಪೈಲಟ್‌ಗೆ (ಆಂಬುಲೆನ್ಸ್ ಡ್ರೈವರ್‌ಗೆ) ಹೇಳಿ ಅಂತೀನಿ, ಅವ್ರೂ ಆ ಮಗೂನ ನೋಡಿದ್ದಾರಲ್ವಾ, ಅವ್ರ ಕಥೆ ಏನಾಗಿದೆಯೋ. ಮಗು ಹೋದ್ಮೇಲೂ ಒಂದು ಮಾತು ಕೇಳ್ದೆ ಮುಂದಿನ ಕಾಲ್‌ಗೆ ಓಡ್ಸೋದು ಸರಿ ಅಲ್ವೇ ಅಲ್ಲ, ಮೇಲಿನೋರು ಕನಿಷ್ಠ ಆ ದಿನ ಅರ್ಧ ಗಂಟೆ ಕೂರ್ಸಿ ಮಾತಾಡಿಸ್ಬೇಕು.

ಖಾಸಗಿ ಫೀಸ್ ಕಷ್ಟ ಅಂದ್ರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರ ಹೋಗಿ. ನಾಲ್ಕು ವಾರ ಆದ್ರೂ ಮಾತ್ರೆ ಹಿಡೀಲಿಲ್ಲ ಅನ್ಸಿದ್ರೆ ನೀವೇ ನಿಲ್ಲಿಸ್ಬೇಡಿ, ಡೋಸ್ ಬದಲಾಯಿಸ್ಬೇಕಾ ಅಂತ ಡಾಕ್ಟ್ರನ್ನೇ ಕೇಳಿ.